ರಕ್ಕಸಿಗೆ ಕೊಟ್ಟ ಗುರುತು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡೀತಿದ್ದ ಕಾಲದಲ್ಲಿ, ಬಿದಿರುಗುಂಟೆ ಅಂತ ಒಂದೂರಿತ್ತಂತೆ. ನೀನೂ ಕಾಲು ಬಡೀಬೇಡ ಮಗಾ, ಹೊದ್ದುಕೊಂಡು ಮಲಗು. ಹೂಂ ಅಂತಿರಬೇಕು ಮತ್ತೆ, ಇಲ್ಲದಿದ್ರೆ ನಾನು ಹೇಳೋಳಲ್ಲ. ಆ ಊರಲ್ಲಿ ಪುಟ್ಟನಂಜಿ ಅಂತ ಒಬ್ಬಳಿದ್ದಳಂತೆ, ಕತೆ ಹೇಳೋದರಲ್ಲಿ ಸುತ್ತ ಹತ್ತೂರಲ್ಲಿ ಅವಳನ್ನ ಬಿಟ್ಟರಿಲ್ಲ.

ಬೇಸಗೆ ಬಂತು ಅಂದ್ರೆ ಊರಿನ ಹೆಂಗಸರೆಲ್ಲ ಮಧ್ಯಾಹ್ನದ ಹೊತ್ತು ಹೊಂಗೆ ಮರದ ನೆರಳಲ್ಲಿ ಸೇರಿ ಹುಣಸೇಹಣ್ಣು ಕುಟ್ಟೋರಂತೆ. ಸಿಪ್ಪೆ ಬಿಡಿಸು, ನಾರು ತೆಗಿ, ಮರದ ಕೊಡತೀಲಿ ಕುಟ್ಟಿ ಬೀಜ ಉದುರಿಸು, ಒಂದಾ ಎರಡಾ ಕೆಲಸ! ಬೇಜಾರಾಗದೆ ಇರಲಿ ಅಂತ ಪುಟ್ಟನಂಜೀನ ನಡುವೆ ಕೂರಿಸಿ, ನೀನು ಕುಟ್ಟಬೇಡ ಕಣೇ ತಾಯಿ, ಕತೆ ಹೇಳು ಸಾಕು, ನಿನ್ನ ಪಾಲಿನ ಹಣ್ಣು ನಾವೇ ಕುಟ್ಟಿಕೊಡ್ತೀವಿ ಅನ್ನೋರಂತೆ. ಅವಳು ನಗಿಸಿದ್ರೆ ನಗೋರು, ಅಳಿಸಿದ್ರೆ ಅಳೋರು, ಹುಣಸೇಹಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನೂ ಜೋರಾಗಿ ಅಳೋರು.

ಆ ವರ್ಷ ಪುಟ್ಟನಂಜಿ ಒಂದು ಹೊಸಾ ಕತೆ ಶುರು ಮಾಡಿದಳಂತೆ, ಮಕ್ಕಳ ಉಸಿರು ಕುಡಿಯೋ ರಕ್ಕಸಿ ಕತೆ. ಕೋರೆಹಲ್ಲು ಅಂದಳು, ಕೆಂಗಣ್ಣು ಅಂದಳು, ಯಾರೂ ತಲೆ ಎತ್ತಲಿಲ್ಲ. ಗೌಡರ ಮನೆ ತಿರುಮಲಮ್ಮ ಅಂತೂ ಬಾಯಿ ತುಂಬ ಆಕಳಿಸಿಬಿಟ್ಟಳು. ಕತೆ ಹೇಳೋರ ಮುಂದೆ ಆಕಳಿಸೋದು ಅಂದ್ರೆ ಉಣ್ಣೋ ಎಲೆಗೆ ಮಣ್ಣು ಹಾಕಿದ ಹಾಗೆ. ಪುಟ್ಟನಂಜಿಗೆ ಅವಮಾನ ಆಯ್ತು, ಆಗ ಬಾಯಿಗೆ ಏನು ಬಂತೋ ಅದನ್ನ ಅಂದುಬಿಟ್ಟಳಂತೆ, ಆ ರಕ್ಕಸಿಗೆ ಮೇಲ್ದುಟಿ ಮೇಲೆ ಇಷ್ಟು ದಪ್ಪ ಮಚ್ಚೆ ಇತ್ತು ಅಂತ.

ಟಪಟಪ ಅಂತಿದ್ದ ಕೊಡತಿಗಳು ಒಂದೇ ಸಲ ನಿಂತವು. ಯಾಕೆ ಹೇಳು? ಕೆರೆ ಏರಿ ಕೆಳಗೆ ಓಬಳವ್ವ ಅಂತ ಒಂಟಿ ಮುದುಕಿ ಇದ್ದಳು, ಹಿಂದಿಲ್ಲ ಮುಂದಿಲ್ಲ, ಅವಳ ತುಟಿ ಮೇಲೂ ಅಂಥದ್ದೇ ಮಚ್ಚೆ. ಆಮೇಲೆ, ಆಮೇಲೆ ಅಂತ ಎಲ್ಲರೂ ಮುಂದಕ್ಕೆ ಸರಿದು ಕೂತರು, ಪುಟ್ಟನಂಜಿಗೆ ಹಾಲು ಕುಡಿದಷ್ಟು ಸಂತೋಷ ಆಯ್ತಂತೆ.

ಮಾರನೇ ದಿನ ಬೆಳಿಗ್ಗೆ ಓಬಳವ್ವ ಒಡಕು ಮಡಕೆ ಚೂರು ಹಿಡಿದು ತಿರುಮಲಮ್ಮನ ಬಾಗಿಲಿಗೆ ಹೋದಳಂತೆ, ಒಲೆ ಆರಿದೆ ತಾಯಿ, ಎರಡು ಕೆಂಡ ಕೊಡು ಅಂತ. ಆಗೆಲ್ಲ ಬೆಂಕಿಪೆಟ್ಟಿಗೆ ಎಲ್ಲಿತ್ತು, ಒಬ್ಬರ ಒಲೆಯಿಂದ ಇನ್ನೊಬ್ಬರ ಒಲೆ ಉರೀಬೇಕು. ತಿರುಮಲಮ್ಮ ಆ ಮಚ್ಚೆ ನೋಡಿದವಳೇ ಬಾಗಿಲು ಧಡ್ ಅಂತ ಹಾಕಿಕೊಂಡಳು. ಪಕ್ಕದ ಮನೆಯವರೂ ಹಾಕಿಕೊಂಡರು. ಮುದುಕಿ ನೆನೆಸಿದ ಹುರುಳಿ ತಿಂದು ನೀರು ಕುಡಿದಳಂತೆ. ಸುದ್ದಿ ಕೇಳಿ ಪುಟ್ಟನಂಜಿಯ ಎದೆ ಧಸಕ್ ಅಂತು. ಆದ್ರೆ ನೋಡು, ಅದರ ಹಿಂದೇನೇ ಒಳಗೊಳಗೇ ಒಂದು ಹಿಗ್ಗು, ನನ್ನ ಕತೆ ಅಷ್ಟು ನಾಟಿತಾ ಅಂತ. ಹಾಳು ಹಿಗ್ಗು! ಮಧ್ಯಾಹ್ನ ಕೂತವಳು, ಆ ರಕ್ಕಸಿ ಎಡಗಾಲು ಎಳೀತಾ ನಡೀತಿದ್ದಳು ಅಂದಳು. ಓಬಳವ್ವ ನಡೀತಿದ್ದದ್ದೂ ಹಾಗೇ.

ಕತೆ ಶುರುವಾದ ಮೂರನೇ ದಿನ ಬೆಳಿಗ್ಗೆ ಪುಟ್ಟನಂಜಿ ಬಾವಿಗೆ ಹೋಗ್ತಾಳೆ, ಏನು ನೋಡೋದು! ಅವಳ ಗೆಳತಿ ಕಾಳಮ್ಮ, ಇರುವೆ ತುಳಿಯೋಕೂ ಹಿಂದೆಮುಂದೆ ನೋಡೋ ಕಾಳಮ್ಮ, ಓಬಳವ್ವನ ಸೊಂಟದಿಂದ ಬಿಂದಿಗೆ ಕಿತ್ತು ಕಲ್ಲಿಗೆ ಅಪ್ಪಳಿಸಿದಳಂತೆ. ಮುದುಕಿ ಒದ್ದೆ ಸೀರೆಯಲ್ಲಿ ನಿಂತು, ನಾನೇನು ಮಾಡಿದೆನವ್ವ, ನಾನೇನು ಮಾಡಿದೆ ಅಂತಿದ್ದಳು. ಪುಟ್ಟನಂಜಿ ಖಾಲಿ ಬಿಂದಿಗೆ ಹೊತ್ತುಕೊಂಡು ಹಾಗೇ ಹಿಂದಕ್ಕೆ ತಿರುಗಿದಳು. ಊರಿಗೆಲ್ಲ ಮಾತು ಹಂಚೋಳಿಗೆ ಆವತ್ತು ಒಂದು ಮಾತು ಹುಟ್ಟಲಿಲ್ಲವಂತೆ, ನೋಡಿದೆಯಾ!

ಇನ್ನು ಆ ಕತೆ ಸಾಕು ಅಂದುಕೊಂಡೇ ಮಧ್ಯಾಹ್ನ ಹೊಂಗೆ ಮರಕ್ಕೆ ಬಂದಳು. ಆದ್ರೆ ಬಿಡ್ತಾರಾ? ತಿರುಮಲಮ್ಮನ ಮೊಮ್ಮಗುವಿಗೆ ಜ್ವರ ಬಂದಿತ್ತು. ಎಲ್ಲರೂ ಮುತ್ತಿಕೊಂಡು, ಪುಟ್ಟನಂಜಿ, ನಿಜ ಹೇಳು, ಆ ರಕ್ಕಸಿ ಒಂದು ಕರೀ ಆಡು ಸಾಕಿದ್ದಳಾ, ಇಲ್ಲವಾ ಅಂದರು. ಓಬಳವ್ವ ಸಾಕಿದ್ದದ್ದೂ ಒಂದು ಕರೀ ಆಡೇ. ಅಷ್ಟು ಜನ ಉಸಿರು ಬಿಗಿಹಿಡಿದು ತನ್ನ ತುಟೀನೇ ನೋಡ್ತಿದ್ದಾರೆ. ಇಲ್ಲ ಅಂದಿದ್ರೆ ಮುಗಿದಿತ್ತು. ಹೂಂ ಅಂದುಬಿಟ್ಟಳು ಮಗಾ! ಕೇಳೋರು ಹೇಳಿದರು, ಹೇಳೋಳು ಹೂಂಗುಟ್ಟಿದಳು.

ಅಷ್ಟೇ, ಎದ್ದರು. ಒಬ್ಬಳ ಕೈಯಲ್ಲಿ ಕೊಡತಿ, ಒಬ್ಬಳ ಕೈಯಲ್ಲಿ ಜಾಲಿಮುಳ್ಳು, ತಿರುಮಲಮ್ಮ ಒಲೆಯಿಂದ ಕೊಳ್ಳೀನೇ ಎಳಕೊಂಡು ಬಂದಳು. ಗುಡಿಸಲು ಸುಟ್ಟುಬಿಡೋಣ, ಒಳಗಿದ್ದರೆ ಅವಳನ್ನೂ ಸೇರಿಸಿ ಅಂತ ಹೊರಟರಂತೆ. ಅಯ್ಯೋ ಶಿವನೇ! ಪುಟ್ಟನಂಜಿ ಸೆರಗು ಜಾರಿದ್ದೂ ಗೊತ್ತಿಲ್ಲದ ಹಾಗೆ ಮುಂದೆ ಮುಂದೆ ಓಡಿ, ಗುಡಿಸಲ ಬಾಗಿಲಿಗೆ ಅಡ್ಡ ನಿಂತು, ಸುಳ್ಳು ಕಣ್ರವ್ವ, ಎಲ್ಲಾ ನಾನು ಕಟ್ಟಿದ್ದು, ನಿಮ್ಮ ದಮ್ಮಯ್ಯ, ಆ ಮುದುಕಿ ಏನೂ ಮಾಡಿಲ್ಲ ಅಂದಳು. ತಿರುಮಲಮ್ಮ ಲೊಚಗುಟ್ಟಿ, ಪಾಪ, ರಕ್ಕಸಿ ಇವಳ ನಾಲಿಗೇನೂ ಕಟ್ಟಿಹಾಕಿಬಿಟ್ಟಳಲ್ಲ ಅಂದಳಂತೆ. ಸುಳ್ಳು ಹೇಳಿದಾಗ ಮೂರು ದಿನ ನಂಬಿದರು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ.

ಆಗ ಪುಟ್ಟನಂಜಿ ಏನು ಮಾಡಿದಳು? ಹೊಸಲ ಮೇಲೆ ಕುಕ್ಕರಿಸಿ ಕೂತು, ಆಮೇಲೆ ಏನಾಯ್ತು ಗೊತ್ತಾ ಅಂದಳು. ಎತ್ತಿದ ಕಾಲು ಎತ್ತಿದಲ್ಲೇ ನಿಂತವು. ಅರ್ಧ ಕತೆ ಬಿಟ್ಟು ಹೋದರೆ ಹೊಟ್ಟೆನೋವು ಬರುತ್ತೆ ಅಂತ ನಂಬಿದ್ದ ಜನ ಅವರು. ಪುಟ್ಟನಂಜಿ ಕತೆ ಮುಂದುವರಿಸಿ, ಆಮೇಲೆ ಊರಿನವರು ಗುಡಿಸಲ ಹತ್ರ ಬಂದರು, ಆದ್ರೆ ರಕ್ಕಸಿ ಒಳಗಿರಲಿಲ್ಲ, ಅವರ ಗುಂಪಲ್ಲೇ ನಿಂತಿದ್ದಳು, ಮುಂಗೈ ಮೇಲೆ ಒಂದು ಸುಟ್ಟ ಕಲೆ ಇತ್ತು ಅಂದಳು.

ತಿರುಮಲಮ್ಮನ ಮುಂಗೈ ಮೇಲಿತ್ತು ಸುಟ್ಟ ಕಲೆ. ಅವಳಿಗೂ ಒಂದು ನಾಚಿಕೆ ಆಗಲಿ ಅಂತ ಹೇಳಿದ್ದು. ಆದ್ರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಕಾಳಮ್ಮ ಹಿಂದಿನಿಂದ ತಿರುಮಲಮ್ಮನ ತುರುಬಿಗೇ ಕೈ ಹಾಕಿದಳು, ಇನ್ನೊಬ್ಬಳು ಕೊಳ್ಳಿ ಕಿತ್ತುಕೊಂಡು ಅವಳ ಸೆರಗಿಗೇ ಹಿಡಿಯೋಕೆ ಹೋದಳು! ಪುಟ್ಟನಂಜಿ ಬೆಚ್ಚಿಬಿದ್ದಳು. ಅಯ್ಯಯ್ಯೋ, ಯಾರ ಗುರುತು ಹೇಳಿದರೂ ಇವರು ಸುಡ್ತಾರಲ್ಲಪ್ಪ, ಬೆಂದುಹೋಗೋ ನನ್ನ ನಾಲಿಗೆ!

ತಡೀರೇ ಅಂತ ಕಿರುಚಿದಳು. ಕಲೆ ಅಲ್ಲ, ನಿಜವಾದ ಗುರುತು ಬೇರೆ ಇದೆ. ಆ ರಕ್ಕಸಿಯ ಅಂಗೈಲಿ ಹುಣಸೇಹಣ್ಣಿನ ಕಪ್ಪೇ ಇರಲಿಲ್ಲ ಅಂದಳು. ಎಲ್ಲರೂ ಅವರವರ ಅಂಗೈ ನೋಡಿಕೊಂಡರು, ಒಂದೊಂದೂ ಕಪ್ಪು. ಆಮೇಲೆ ಪುಟ್ಟನಂಜಿ ತನ್ನ ಎರಡೂ ಕೈ ಚಾಚಿದಳಂತೆ. ಒಂದು ದಿನವೂ ಕುಟ್ಟದ ಕೈ, ತೊಳೆದಿಟ್ಟ ಹಾಗೆ ಬೆಳ್ಳಗೆ. ತಿರುಮಲಮ್ಮ ಕೊಳ್ಳಿ ವಾಪಸ್ ಕಸಕೊಂಡು ಅವಳ ಮುಂದೆ ಬಂದು ನಿಂತಳು. ಪುಟ್ಟನಂಜಿ ಕಣ್ಣು ಮುಚ್ಚಿಕೊಂಡಳು.

ಆಗ ಹಿಂದಿನಿಂದ ಬಾಗಿಲು ಕಿರ್ ಅಂತು. ಓಬಳವ್ವ ಕಾಲೆಳೀತಾ ಬಂದು, ಏನೇ ತಿರುಮಲಮ್ಮ, ನಿನ್ನೆ ಬೆಳಿಗ್ಗೆ ಕೇಳಿದ ಬೆಂಕೀನ ಈಗ ತಂದೆಯಾ, ಕೊಡು ಇತ್ಲಾಗೆ ಅಂತ ಕೊಳ್ಳಿ ಇಸಕೊಂಡು ಒಳಗೆ ಹೋದಳಂತೆ. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿತು. ಊದುಗೊಳವೆ ಸದ್ದು ಬಂತು, ಸೂರಿಂದ ಹೊಗೆ ಬಂತು, ಮುದುಕಿ ಕೆಮ್ಮಿದ್ದು ಕೇಳಿಸ್ತು. ಹಸಿದ ಮುದುಕಿ ಒಲೆ ಊದ್ತಿದ್ದಾಳೆ, ಅಷ್ಟೇ. ಅಯ್ಯೋ, ಇವಳನ್ನ ಸುಡೋಕೆ ಬಂದೆವಲ್ಲ ಅಂತ ಕಾಳಮ್ಮ ಧೊಪ್ಪಂತ ಕೂತು ಅತ್ತಳು. ತಿರುಮಲಮ್ಮನಿಗೆ ತಲೆ ಎತ್ತೋಕೆ ಆಗಲಿಲ್ಲವಂತೆ.

ಪುಟ್ಟನಂಜಿ ಒಳಗೆ ಹೋಗಿ ಮುದುಕಿಯ ಕಾಲು ಹಿಡಿದಳು. ಅದಕ್ಕೆ ಓಬಳವ್ವ, ಕಾಲು ಬಿಡೇ, ನೋಯುತ್ತೆ, ನನ್ನ ಮಚ್ಚೆ, ನನ್ನ ಕಾಲು, ನನ್ನ ಆಡು, ಮೂರನ್ನೂ ಕೆಡಿಸಿದೀಯ, ಕೆಡಿಸಿದ ಬಾಯಲ್ಲೇ ಸರಿ ಮಾಡಿಕೊಡು ಅಂದಳಂತೆ.

ಆಮೇಲೆ ಮಾರನೇ ದಿನದಿಂದ ಪುಟ್ಟನಂಜಿ ಎಲ್ಲರ ಜೊತೆ ಹುಣಸೇಹಣ್ಣು ಕುಟ್ಟುತ್ತಾ, ಓಬಳವ್ವನ್ನ ಪಕ್ಕದಲ್ಲೇ ಕೂರಿಸಿಕೊಂಡು ಬೇರೆ ಕತೆ ಶುರು ಮಾಡಿದಳು. ಅದರಲ್ಲಿ ಒಬ್ಬ ರಾಣಿ, ತುಟಿ ಮೇಲೆ ಮಚ್ಚೆ, ನಡೆದರೆ ಎಡಗಾಲು ಎಳೀತಾಳೆ, ಅರಮನೆ ಅಂಗಳದಲ್ಲಿ ಒಂದು ಕರೀ ಆಡು. ಮೊದಮೊದಲು ನಾಚಿಕೆಯಿಂದ ಯಾರೂ ಹೂಂ ಅನ್ನಲಿಲ್ಲ, ಆಮೇಲೆ ಒಬ್ಬಳು ಅಂದಳು, ಆಮೇಲೆ ಎಲ್ಲರೂ ಅಂದರು. ಹೀಗೇ ನಾಲ್ಕು ಬೇಸಗೆ ಕಳೀತು. ಓಬಳವ್ವನಿಗೆ ಕೇಳಿದ ಮನೇಲಿ ಕೆಂಡ, ಕರೆದ ಮನೇಲಿ ಊಟ.

ಒಂದು ದಿನ ಓಬಳವ್ವ ಬಾವಿ ಹತ್ರ ನಿಂತಿದ್ದಾಳೆ, ಊರಿನ ಹೆಣ್ಣುಮಕ್ಕಳೆಲ್ಲ ಸಾಲಾಗಿ ಬರ್ತಿದಾವೆ, ಒಂದೊಂದರ ತುಟಿ ಮೇಲೂ ಇದ್ದಿಲಿನ ಮಚ್ಚೆ, ಒಂದೊಂದೂ ಎಡಗಾಲು ಎಳೀತಾ ಇದೆ! ಮುದುಕಿಗೆ ಎದೆ ಹಾರಿಹೋಯ್ತು. ಏನಾಯ್ತ್ರೇ ನಿಮಗೆ ಅಂದ್ರೆ, ನಾವು ರಾಣೀರು ಅಂದವಂತೆ. ಲೇ ಹಾಳಾದೋವೇ, ನೆಟ್ಟಗೆ ನಡೀರೇ, ನಾನು ನೋವಿಗೆ ಎಳೀತೀನಿ ಅಂತ ಎಷ್ಟು ಬೈದರೂ ಒಂದೂ ಕೇಳಲಿಲ್ಲ. ಓಬಳವ್ವ ಅಲ್ಲೇ ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳಂತೆ. ಕತೆ ಮುಗೀತು, ಅವರು ಅಲ್ಲಿ ತಣ್ಣಗಿದ್ದಾರೆ, ನೀನಿಲ್ಲಿ ತಣ್ಣಗೆ ಮಲಗು.