ಹೆಗಲೇರಿದ ಸೈಕಲ್ಲು

ಗುಡ್ಡದ ತಪ್ಪಲಿನ ಕಾಲುದಾರಿಯಲ್ಲಿ ಎರಡು ಮರಿ ಕಟ್ಟಿಕೊಂಡು ನೀರಿನ ಒರತೆಗೆ ಹತ್ತುತ್ತಿದ್ದ ಮೇಕೆಯನ್ನು ಸವಾರನನ್ನು ಹೊತ್ತು ಬಂದ ಹೊಸ ಗೇರ್ ಸೈಕಲ್ಲೊಂದು ತಡೆಯಿತು.

“ಏ ಮೇಕೆ, ಇನ್ನು ಮುಂದೆ ಇದು ಸೈಕಲ್ ದಾರಿ. ಇಪ್ಪತ್ತೊಂದು ಗೇರಿನ ನನಗೆ ಅಡ್ಡ ಬರಬೇಡ. ನೀರು ಬೇಕಿದ್ದರೆ ಮುಳ್ಳುಪೊದೆ ಬಳಸಿಕೊಂಡು ಹೋಗು.”

ಮೇಕೆಗೆ ಮೈಯೆಲ್ಲ ಉರಿಯಿತು. ಅವಳ ಅಜ್ಜಿ ಮುತ್ತಜ್ಜಿಯರ ಗೊರಸು ತುಳಿದು ತುಳಿದು ಆದ ದಾರಿ ಅದು. ಆದರೂ, “ಆಗಲಿ ಸ್ವಾಮಿ, ತಾವು ಮುಂದೆ ನಡೆಯಿರಿ,” ಎಂದಳು.

ಕಡಿದಾದ ಏರು ಬಂದದ್ದೇ ಸೈಕಲ್ಲು ನಿಂತುಬಿಟ್ಟಿತು. ಸವಾರ ಇಳಿದು, ಏದುಸಿರು ಬಿಡುತ್ತ ಅದನ್ನು ಹೆಗಲಿಗೇರಿಸಿಕೊಂಡ.

ಮೇಕೆ ಮರಿಗಳನ್ನು ಬದಿಗೆ ಸರಿಸಿದಳು. “ದಾರಿ ಬಿಡ್ರೋ. ನಮ್ಮನ್ನು ಮೇಯಿಸುವವನು ಹುಟ್ಟಿದ ದಿನದ ಮರಿಯನ್ನಷ್ಟೇ ಹೀಗೆ ಹೊರುವುದು. ಪಾಪ, ಈ ಕೂಸಿಗೆ ಇನ್ನೂ ಕಾಲು ಬಲಿತಿಲ್ಲ.”