ಸೀಗೆಪುಡಿಗೆ ಹೊಟ್ಟು ಬೆರೆಸಿದ ಶೆಟ್ಟಿ

ಕೇಳ್ರಪ್ಪಾ, ಸುತ್ತ ಕೂತವರೆಲ್ಲ ಕೇಳಿ. ಹಾಲಗಿರಿ ಅಂತ ಒಂದು ರಾಜ್ಯ. ಅಲ್ಲಿನ ಪೇಟೆಯಲ್ಲಿ ಮುರಿಗೆಪ್ಪ ಶೆಟ್ಟಿ ಅಂತ ಒಬ್ಬ ವ್ಯಾಪಾರಿ ಇದ್ದ. ಸೀಗೆಪುಡಿ ಮಾರೋದು ಅವನ ಕಸುಬು. ಒಳ್ಳೇ ಸರಕು, ಒಳ್ಳೇ ಹೆಸರು. ಪುಡಿ ಕುಟ್ಟೋಳು ಚಂದವ್ವ. ಮೂವತ್ತು ವರ್ಷದಿಂದ ಅವನ ಮನೆಯ ಒನಕೆ ಹಿಡಿದವಳು.

ಒಂದು ವರ್ಷ ರಾಜ್ಯಕ್ಕೆ ಅಂಟುಬೇನೆ ಬಂತು. ಸೀರೆ ಅಂಗಡಿ ಮುಚ್ಚಿತು. ಬಳೆ ಅಂಗಡಿ ಮುಚ್ಚಿತು. ಮಿಠಾಯಿ ಅಂಗಡಿಯ ಒಲೆ ಆರಿತು. ಆಗ ರಾಜ ಡಂಗುರ ಹೊಡೆಸಿದ: "ಉಣ್ಣೋ ಮುಂಚೆ ಎಲ್ಲರೂ ಸೀಗೆಪುಡಿ ಹಾಕಿ ಕೈ ತೊಳೀಬೇಕು!"

ಶೆಟ್ಟಿ ಅಂಗಡಿಗೆ ಜನ ಮುಗಿಬಿದ್ದರು. ಆದರೆ ಕಾಡಿಂದ ಸೀಗೆಕಾಯಿ ತರೋ ಗಾಡಿಗಳೇ ನಿಂತುಹೋಗಿದ್ದವು. ಶೆಟ್ಟಿ ಪುಡಿಗೆ ಒಂದು ಬೊಗಸೆ ಮರದ ಹೊಟ್ಟು ಬೆರೆಸಿದ.

"ಬೇಡ ಧಣೀ" ಅಂದಳು ಚಂದವ್ವ.

"ಯಾರಿಗೆ ಗೊತ್ತಾಗ್ತದೆ?" ಅಂದ ಶೆಟ್ಟಿ.

ಎರಡನೇ ವಾರ ಒಂದು ಮೊರ ಹೊಟ್ಟು ಬೆರೆಸಿದ.

"ಪಾಪ ಧಣೀ, ಬೇಡ."

"ಯಾರಿಗೆ ಗೊತ್ತಾಗ್ತದೆ?"

ಮೂರನೇ ವಾರ ಅರ್ಧಕ್ಕರ್ಧ ಹೊಟ್ಟು.

"ಧಣೀ, ನೇಕಾರರ ಕೇರಿಯವರು ನಮ್ಮ ಪುಡಿಯಲ್ಲೇ ತಪ್ಪದೆ ಕೈ ತೊಳೀತಾರೆ. ಆದರೂ ಒಬ್ಬೊಬ್ಬರೇ ಹಾಸಿಗೆ ಹಿಡೀತಿದ್ದಾರೆ."

ಶೆಟ್ಟಿ ಹೊಟ್ಟಿನ ಮೊರವನ್ನ ಕೆಳಗಿಟ್ಟ. ಆದರೂ ಬಾಯಲ್ಲಿ ಬಂದದ್ದು ಅದೇ ಮಾತು: "ಯಾರಿಗೆ ಗೊತ್ತಾಗ್ತದೆ?"

ಚಂದವ್ವ ಒನಕೆಯನ್ನ ಗೋಡೆಗೆ ಒರಗಿಸಿ ಹೊರಟುಹೋದಳು.

ಮಾರನೇ ದಿನ ಮಧ್ಯಾಹ್ನ ಅಂಗಡಿ ಮುಂದೆ ಜನವೋ ಜನ. ಚಂದವ್ವ ಎರಡು ಬಟ್ಟಲು ತಂದು ಕಟ್ಟೆ ಮೇಲಿಟ್ಟಳು.

"ಶೆಟ್ಟರೇ, ಇದು ನಿಮ್ಮ ಅಂಗಡಿ ಪುಡಿ. ಇದು ನಾನು ಮನೇಲಿ ಉಳಿದಿದ್ದ ಸೀಗೆಕಾಯಿ ಕುಟ್ಟಿದ್ದು, ಬರೀ ಸೀಗೆ. ನಿಮ್ಮ ಮೊಮ್ಮಗಳು ಊಟಕ್ಕೆ ಕಾಯ್ತಿದ್ದಾಳೆ. ಯಾವುದಾದರೂ ಒಂದು ತಗೊಂಡು ಕೈ ತೊಳೆಸಿ."

ಮೊಮ್ಮಗಳು ನೀಲವ್ವ ಎರಡೂ ಅಂಗೈ ಚಾಚಿ ನಿಂತಿದ್ದಳು. ಶೆಟ್ಟಿ ಆ ಪುಟ್ಟ ಬೆರಳುಗಳನ್ನ ನೋಡಿದ. ಜನರ ಕಡೆ ನೋಡಿದ. ತನ್ನ ಬಟ್ಟಲಿಗೆ ಕೈ ಹಾಕಬೇಕು ಅಂತಲೇ ಇದ್ದ. ಆದರೆ ಕೈ ತಾನಾಗಿ ಚಂದವ್ವನ ಬಟ್ಟಲಿಗೆ ಹೋಯಿತು.

ಯಾರೂ ಬೈಯಲಿಲ್ಲ. ಕೊಂಡ ಪೊಟ್ಟಣಗಳನ್ನ ಕಟ್ಟೆ ಮೇಲಿಟ್ಟು, ಒಬ್ಬರ ಹಿಂದೆ ಒಬ್ಬರು ಹೊರಟುಹೋದರು. ಶೆಟ್ಟಿಗೆ ಬೈಗುಳವಾದರೂ ಬೇಕಿತ್ತು ಅನ್ನಿಸಿತು.

ಬೇನೆ ಕಳೆಯಿತು. ಪೇಟೆ ಮತ್ತೆ ತೆರೆಯಿತು. ನೇಕಾರರ ಕೇರಿಯಲ್ಲಿ ಮೂರು ಮನೆಯ ಬಾಗಿಲು ಮಾತ್ರ ತೆರೆಯಲೇ ಇಲ್ಲ. ಅದು ಹೊಟ್ಟಿನಿಂದ ಆದದ್ದೋ ಅಲ್ಲವೋ, ಹೇಳೋರು ಯಾರೂ ಇಲ್ಲ. ಆ ಕೇರಿ ಕಡೆ ಹೋಗೋಕೆ ಶೆಟ್ಟಿಗೆ ಕಾಲೇ ಏಳುತ್ತಿರಲಿಲ್ಲ.

ಅವನು ಒಳ್ಳೇ ಸೀಗೆಕಾಯಿ ತರಿಸಿದ. ಅಂಗಡಿ ತೊಳೆಸಿ, ಬಾಗಿಲಿಗೆ ತೋರಣ ಕಟ್ಟಿಸಿದ. ಯಾರೂ ಬರಲಿಲ್ಲ. ಕೊನೆಗೆ ಚಂದವ್ವನ ಮನೆ ಬಾಗಿಲಲ್ಲಿ ಹೋಗಿ ನಿಂತ.

"ತಪ್ಪಾಯ್ತು ಚಂದವ್ವ. ಇನ್ನು ಮೇಲೆ ಚೊಕ್ಕ ಪುಡಿಯನ್ನೇ ಮಾರ್ತೀನಿ. ವಾಪಸ್ ಬಾ."

ಚಂದವ್ವನ ಕಣ್ಣಲ್ಲಿ ನೀರು ಬಂತು. "ಕುಟ್ಟೋಕೆ ನಾನು ಬರ್ತೀನಿ ಶೆಟ್ಟರೇ. ಕೊಳ್ಳೋಕೆ ಯಾರನ್ನ ಕರೀತೀರಿ?"

ಶೆಟ್ಟಿ ತಲೆ ತಗ್ಗಿಸಿಕೊಂಡು ಮನೆಗೆ ವಾಪಸ್ ನಡೆದ.

ಅದಕ್ಕೇ ಹೇಳೋದು ಮಕ್ಕಳೇ, ಕಷ್ಟಕಾಲದಲ್ಲಿ ನಂಬಿ ಬಂದವರಿಗೆ ಮೋಸ ಮಾಡಬಾರದು. ಮಾಡಿದರೆ, ಕಷ್ಟ ಕಳೆದ ಮೇಲೂ ಅವರು ನಮ್ಮ ಹತ್ತಿರ ಬರೋದಿಲ್ಲ.