ಅಳಿಲಮ್ಮನ ಪೊಟರೆಯಲ್ಲಿ ಶಾಲೆಯ ಕಡಲೆಕಾಯಿ

ಮರಿಗಳ ಶಾಲೆಯ ಊಟಕ್ಕೆಂದು ಕಾಡಿನ ತಾಯಿತಂದೆಯರು ಕೂಡಿಸಿದ ಕಡಲೆಕಾಯಿಯನ್ನು ಅಳಿಲಮ್ಮ ತನ್ನ ಪೊಟರೆಯಲ್ಲಿ, ಮಳೆಗಾಲಕ್ಕೆಂದು ತಾನು ಕೂಡಿಟ್ಟ ಕಾಯಿಯ ಜೊತೆಗೇ ಸುರಿದಿದ್ದಳು. ಆ ಕಾಡಿನಲ್ಲಿ ಶಾಲೆಯ ಕಾಯಿಗೆ ಸುಂಕವಿಲ್ಲ, ಮನೆಯದಕ್ಕೆ ಅರ್ಧ ಸುಂಕ.

ಸುಂಕದ ಕರಡಿರಾಯ ಬಂದು ಇಣುಕಿದ. "ಇದರಲ್ಲಿ ಶಾಲೆಯದು ಯಾವುದಮ್ಮ?"

"ಕೆಳಗಿನದು, ರಾಯರೇ. ಮೇಲಿನದರಲ್ಲೂ ಸ್ವಲ್ಪ."

"ಬೆರೆತ ಮೇಲೆ ಎಲ್ಲವೂ ಮನೆಯದೇ. ಅರ್ಧ ತೆಗೆ."

ಅರ್ಧ ಹೋದರೆ ಮರಿಗಳಿಗೆ ಊಟವಿಲ್ಲ. ಅಳಿಲಮ್ಮ ಬಾಲ ಕೊಡವಿದಳು. "ಹಾಗಾದರೆ ನನ್ನದನ್ನೂ ಶಾಲೆಗೇ ಕೊಟ್ಟೆ. ಈಗಲೇ ಹೊತ್ತು ಹಾಕುತ್ತೇನೆ, ನಿಂತು ನೋಡಿ."

ಕರಡಿರಾಯ ನಿಂತು ನೋಡಲಿಲ್ಲ, ತಾನೂ ಒಂದು ಬುಟ್ಟಿ ಹೊತ್ತ.

ಶಾಲೆಯ ಅಂಗಳದಲ್ಲಿ ಮರಿಗಳು ಕುಣಿದವು. ಗೊರವಂಕ ಮೇಷ್ಟ್ರು ನಕ್ಕರು. "ಕಾಯಿ ಸುಲಿಯಲು ಒಬ್ಬರು ಬೇಕಿತ್ತು, ಅಳಿಲಮ್ಮ. ಕೂಲಿಗೆ ದಿನಾ ಊಟ ಉಂಟು. ಮತ್ತೆ ಮನೆಯ ಕಾಯಿಯ ಜೊತೆ ಬೆರೆಯದಂತೆ ಉಗ್ರಾಣದ ಬೀಗದ ಕೈ ಮಾತ್ರ ಕಾವಲಿನ ಆಮೆಯ ಹತ್ತಿರ."

"ಅಲ್ಲೇ ಇರಲಿ ಬಿಡಿ, ಮೇಷ್ಟ್ರೇ," ಎಂದ ಅಳಿಲಮ್ಮ ಆಗಲೇ ಸುಲಿಯತೊಡಗಿದ್ದಳು.